ಹಿಮಸಾರಂಗ ಎಷ್ಟಿವೆ ಅಂತ ಕೇಳಬಾರದ ಊರು

ಈ ಊರಿನಲ್ಲಿ ನಮ್ಮನ್ನು ಮೊದಲು ಎದುರುಗೊಂಡದ್ದು ಒಂದು ಹಿಮಸಾರಂಗ. ತಲೆಯ ಮೇಲೆ ಒಣಗಿದ ಪೊದೆ ಹೊತ್ತ ಹಾಗೆ ಕೊಂಬು; ರಸ್ತೆಯ ನಟ್ಟನಡುವೆ ನಿಂತು ನಮ್ಮ ಕಾರನ್ನು ಅಸಡ್ಡೆಯಿಂದ ನೋಡಿತು. ಡ್ರೈವರ್ ಹಾರ್ನ್ ಹೊಡೆಯದೆ ಕೈಕಟ್ಟಿ ಕೂತ. ದೆಹಲಿಯ ನಮ್ಮ ಲಕ್ಷ್ಮೀ ನಗರವಾಗಿದ್ದರೆ ಅಷ್ಟರಲ್ಲಿ ಹಿಂದಿನ ಇ-ರಿಕ್ಷಾದವರು ನಮ್ಮ ವಂಶವನ್ನೆಲ್ಲ ಬೈದು ಮುಗಿಸುತ್ತಿದ್ದರು.

ದೆಹಲಿಯಲ್ಲಿ ದೊಡ್ಡಪ್ಪನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ ಅಪ್ಪನಿಗೆ ನಾರ್ವೆಯ ಈ ಬೆಟ್ಟದೂರಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಹಿಂದೆಯೇ ಅಮ್ಮ, ನಾನು. ಊರು ಅನ್ನುವುದು ಮರ್ಯಾದೆಗೆ. ನಮ್ಮ ಗಲ್ಲಿಯ ಒಂದು ಕೋಚಿಂಗ್ ಕ್ಲಾಸ್ ಬಿಟ್ಟಾಗ ಮೆಟ್ಟಿಲಿಳಿಯುವಷ್ಟು ಜನ ಇಡೀ ಪುರಸಭೆಯಲ್ಲಿಲ್ಲ. ಚಳಿಗಾಲದಲ್ಲಿ ಸೂರ್ಯನೂ ರಜೆ ಹಾಕುತ್ತಾನೆ. ಇದ್ದು ತಾನೇ ಏನು ನೋಡಬೇಕು? ಊಟ ಅಂದರೆ ಬೇಯಿಸಿದ ಆಲೂಗಡ್ಡೆ, ಉಪ್ಪು ಬಿದ್ದರೆ ಹಬ್ಬ. ಕಾಫಿಗೆ ಚೀಸ್ ತುಂಡು ಹಾಕುವುದನ್ನು ನೋಡಿದ ದಿನ ಅಮ್ಮ ಊಟ ಮಾಡಲಿಲ್ಲ.

ಕ್ಲಾಸಿನಲ್ಲಿ ಹುಡುಗಿಯರು ಇಬ್ಬರೇ: ನಾನು ಮತ್ತು ಮಾರಿತ್. ಅವಳು ಸಾಮಿ, ಅಂದರೆ ಇಲ್ಲಿನ ಮೂಲನಿವಾಸಿ. ಮನೆಯವರು ಹಿಮಸಾರಂಗ ಸಾಕುತ್ತಾರೆ. ಅವಳೂ ಮಾತು ಬಿಟ್ಟರೆ ನನಗೆ ಗೋಡೆಯೇ ಗತಿ. ಒಂದು ಭಾನುವಾರ ತಮ್ಮ ಲಾವ್ವುಗೆ, ಅಂದರೆ ಡೇರೆಗೆ, ಕರೆದಳು. ನಾನು ದೆಹಲಿಯ ಚಾಲಾಕಿ ತೋರಿಸಿದೆ.

"ಒಟ್ಟು ಎಷ್ಟು ಹಿಮಸಾರಂಗ ಇವೆ ನಿಮ್ಮ ಹತ್ರ?"

ಮೊದಲೇ ತಣ್ಣಗಿದ್ದ ಡೇರೆ ಇನ್ನೂ ತಣ್ಣಗಾಯಿತು. ಮಾರಿತ್ ನೆಲ ನೋಡಿದಳು. ಅವಳ ಅಜ್ಜಿ ಕಾಫಿ ಬಗ್ಗಿಸುತ್ತಾ, "ಮರದ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ," ಅಂದರು. ಸುತ್ತ ಒಂದು ಮರವೂ ಇರಲಿಲ್ಲ.

ಮನೆಗೆ ಬಂದು ಹೇಳಿದರೆ ಅಪ್ಪ ಹಣೆ ಚಚ್ಚಿಕೊಂಡರು.

"ಅಲ್ಲ ಮಾರಾಯ್ತಿ, ದೊಡ್ಡಪ್ಪನ ಗಲ್ಲಾಪೆಟ್ಟಿಗೆ ಇಣುಕಿ, 'ಭಯ್ಯಾ, ಇವತ್ತು ಎಷ್ಟಾಯ್ತು' ಅಂತ ಯಾರಾದ್ರೂ ಕೇಳಿದ್ರೆ?"

"ಸಟ್ಟುಗ ಹಿಡ್ಕೊಂಡು ಓಡಿಸ್ತಾರೆ."

"ಇವರು ನಿಂಗೆ ಕಾಫಿ ಕೊಟ್ಟು ಕಳ್ಸಿದ್ದಾರೆ. ನಾಳೆ ನೀನೇ ಮಾತಾಡ್ಸು."

ಮರುದಿನ ಬಸ್ಸಿನಲ್ಲಿ ಮಾರಿತ್ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು ಕಿಟಕಿಯತ್ತ ತಿರುಗಿದ್ದಳು. ನಾನು ನಿಂತೇ ಇದ್ದೆ. "ಕೇಳಬಾರದ್ದು ಕೇಳ್ದೆ. ಅಜ್ಜಿಗೆ ಬೇಜಾರಾಯ್ತಾ?"

"ದೆಹಲಿಯವರು ಪಾಸ್‌ಬುಕ್ ನೋಡಿಯೇ ಸ್ನೇಹ ಮಾಡೋದಾ ಅಂತ ಕೇಳ್ತಿದ್ರು," ಅಂದಳು. ಆಮೇಲೆ ಬ್ಯಾಗ್ ಎತ್ತಿಕೊಂಡಳು.

ಮೊನ್ನೆ ದೊಡ್ಡಪ್ಪ ವಿಡಿಯೋ ಕಾಲ್ ಮಾಡಿದರು. ಹಿಂದೆ ಹಾರ್ನು, ಪಾತ್ರೆ ಸದ್ದು, ಯಾರೋ ಸಾಂಬಾರ್‌ಗಾಗಿ ಕೂಗುತ್ತಿದ್ದರು. ನಾನು ವಾಲ್ಯೂಮ್ ಏರಿಸಿದೆ.

"ಏನೇ, ಆ ಮಂಜಿನ ಪೆಟ್ಟಿಗೆಯಲ್ಲೇ ಇರ್ತೀಯಾ, ವಾಪಸ್ ಬರ್ತೀಯಾ? ಈಗ ನೀನು ಎಲ್ಲಿಯವಳು?"

"ಮರದ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ, ದೊಡ್ಡಪ್ಪ."

"ಯಾವ ಮರ ಮಾರಾಯ್ತಿ?"

ಕಿಟಕಿಯಾಚೆ ನೋಡಿದೆ. ಬರೀ ಹಿಮ.