ಸುಧಾರಾಣಿ, ಬಿ.ಎ. ಅಪೂರ್ಣ

ಚಿಕ್ಕೇರೂರಿನಲ್ಲಿ ನಾನು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟಿದ್ದೇನೆ. ಬಂದವರೆಲ್ಲ ಹೇಳುವುದು ಒಂದೇ ಮಾತು: "ರಾಜಶ್ರೀ, ಏನರ ಒಂದು ಹಾಕಿ ಕಳಿಸವ್ವ." ಹುಟ್ಟಿದ ತಾರೀಖು ಏನಾದರೊಂದು, ಓದಿದ್ದು ಏನಾದರೊಂದು. ಆಮೇಲೆ ಅರ್ಜಿ ತಿರಸ್ಕಾರವಾದರೆ ಬೈಗುಳ ಮಾತ್ರ ನನಗೆ. ಹೀಗಿರುವಾಗ ಇದ್ದದ್ದನ್ನು ಇದ್ದ ಹಾಗೇ ಹಾಕು ಎಂದು ಹಟ ಹಿಡಿದ ಸುಧಾರಾಣಿಯನ್ನು ಕಂಡು ನನಗೆ ಖುಷಿಯಾಗಬೇಕಿತ್ತು. ಖುಷಿ ಎಲ್ಲಿಯದು, ತಲೆ ಕೆಟ್ಟುಹೋಯಿತು.

ಅದು ಅಂಗನವಾಡಿ ಕಾರ್ಯಕರ್ತೆಯ ಅರ್ಜಿ. ಪಿಯುಸಿ ಪಾಸಾಗಿದ್ದರೆ ಸಾಕು, ಅವಳದು ಒಳ್ಳೆಯ ಅಂಕಗಳಲ್ಲೇ ಆಗಿತ್ತು. ಬಿ.ಎ. ಕಡೇ ವರ್ಷದಲ್ಲಿ ನಿಂತುಹೋದ ಸಂಗತಿಯನ್ನು ಯಾರೂ ಕೇಳಿರಲಿಲ್ಲ. ಕೊನೆಯಲ್ಲಿ 'ಇತರ ವಿವರ' ಎಂಬ ಒಂದು ಖಾಲಿ ಜಾಗವಿತ್ತು, ಅಷ್ಟೇ.

"ಅದನ್ನ ಖಾಲಿ ಬಿಡು ತಾಯಿ," ಅಂದೆ.

"ಇಲ್ಲ, ಬಿ.ಎ. ಅಪೂರ್ಣ ಅಂತ ಬರಿ. ನಾನು ಬಿ.ಎ. ಆಗೇನಿ ಅಂತ ಊರೆಲ್ಲಾ ತಿಳಕೊಂಡೈತಿ. ನಾಳೆ ಯಾರರ ಡಿಗ್ರಿ ಮುಚ್ಚಿಟ್ಟಾಳ ಅಂದ್ರ ಏನ್ ಮಾಡ್ಲಿ?"

ಊರು ಹಾಗೆ ತಿಳಿದುಕೊಳ್ಳಲು ಕಾರಣ ಅವಳ ಮಾವ ಕರಬಸಪ್ಪ. ಗೋವಿನಜೋಳದ ವ್ಯಾಪಾರ, ದೊಡ್ಡ ಗಂಟಲು. ಹಿರೇಬೆಂಡಿಗೇರಿಗೆ ಕನ್ಯೆ ನೋಡಲು ಹೋದಾಗ ಹುಡುಗಿ "ಬಿ.ಎ. ಓದಾಕತ್ತೇನ್ರಿ" ಎಂದಿದ್ದಳು. ಇವರು ಊರಿಗೆ ವಾಪಸು ಬರುವಷ್ಟರಲ್ಲಿ 'ಓದಾಕತ್ತಾಳ' ಎಂಬುದು 'ಓದ್ಯಾಳ' ಆಗಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅವಳ ಹೆಸರಿನ ಮುಂದೆ ಬಿ.ಎ. ಕೂತಿತ್ತು. ಅವಳು ಬಾಯಿ ತೆರೆದರೆ, "ಹೆಂಗಿದ್ರೂ ಆಗೂದ ಐತಲ್ಲವ್ವ" ಎಂದು ಬಾಯಿ ಮುಚ್ಚಿಸಿದರು. ಆಗಲಿಲ್ಲ. ಬಸಿರು, ಬಾಣಂತನ, ಮಗಳು ಅಂಕಿತಾಳ ಕೆಮ್ಮು ನೆಗಡಿ, ಅತ್ತೆಯ ಮೊಣಕಾಲಿನ ಆಪರೇಷನ್, ಹೀಗೆ ವರ್ಷಗಳು ಹೋದವು. ಈಗ ಮಗಳು ಸಾಲಿಗೆ ಹೋಗುತ್ತಾಳೆ. ಈ ನೌಕರಿಯೊಂದಾದರೂ ತನ್ನದು ಅಂತ ಇರಲಿ ಎಂದು ಸುಧಾರಾಣಿಯ ಜೀವವೆಲ್ಲ ಆ ಅರ್ಜಿಯ ಮೇಲಿತ್ತು. ನಾನು ಗೊಣಗುತ್ತಲೇ ಅವಳು ಹೇಳಿದಂತೆ ಬರೆದೆ.

ತಾತ್ಕಾಲಿಕ ಆಯ್ಕೆ ಪಟ್ಟಿ ಪಂಚಾಯತಿಯ ಬೋರ್ಡಿನ ಮೇಲೆ ಬಂತು. ಅವಳದೇ ಮೊದಲ ಹೆಸರು! ಎದುರಿಗೆ 'ಪಿಯುಸಿ, ಬಿ.ಎ. ಅಪೂರ್ಣ' ಎಂದು ಅಚ್ಚಾಗಿತ್ತು. ಅವಳ ಕೆಳಗಿನ ಹೆಸರಿನ ಎದುರು ಬಿ.ಕಾಂ. ಎಂದಿತ್ತು; ಆಯ್ಕೆಯ ಲೆಕ್ಕ ಪಿಯುಸಿ ಅಂಕಗಳದೇ. ಚಹಾದಂಗಡಿಯ ದ್ಯಾಮಪ್ಪ ಅದನ್ನು ಓದಿ ಸುಮ್ಮನಿರಬೇಕೋ ಬೇಡವೋ? "ಏನ್ರೀ ಸಾವಕಾರ್ರ, ನಿಮ್ಮ ಮನಿ ಬಿ.ಎ. ಅಪೂರ್ಣ ಐತಂತಲ್ರಿ" ಎಂದು ನಾಲ್ಕು ಮಂದಿಯ ಎದುರು ನಕ್ಕ.

ಕರಬಸಪ್ಪ ಸೀದಾ ನನ್ನ ಅಂಗಡಿಗೆ ಬಂದರು.

"ಅಪೂರ್ಣ ಅಂತ ನೀನ ಬರದೀಯೇನು? ನಮ್ಮ ಮನಿಯಾಗ ಯಾವುದು ಅಪೂರ್ಣ ಐತಿ?"

"ಆಕೀನ ಬರಸಿದ್ದು ರೀ."

"ಆಕಿಗೆ ಏನ್ ತಿಳೀತೈತಿ?"

"ಆಕಿ ಓದಿದ್ದು ಆಕಿಗೆ ತಿಳಿಯಂಗಿಲ್ಲೇನ್ರಿ?"

ನನ್ನ ಮಾತು ಮುಗಿಯುವಷ್ಟರಲ್ಲಿ ಅವರು ಅಂಗಡಿ ಇಳಿದಿದ್ದರು. ಮನೆಯಲ್ಲಿ ಯಾರಿಗೂ ಹೇಳದೆ ಹಿರೇಕೆರೂರಿನ ಬಸ್ಸು ಹತ್ತಿದ್ದರು. ಪಟ್ಟಿಯ ಅಡಿಯಲ್ಲಿ 'ಆಕ್ಷೇಪಣೆ ಇದ್ದವರು ಸಲ್ಲಿಸಬಹುದು' ಎಂದಿತ್ತಲ್ಲ, ಅಲ್ಲಿಯ ಶಿಶು ಅಭಿವೃದ್ಧಿ ಕಚೇರಿಯಲ್ಲಿ ಸಲ್ಲಿಸಿಯೇ ಬಂದರು. 'ನನ್ನ ಸೊಸೆ ಬಿ.ಎ. ಪದವೀಧರೆ, ಅಪೂರ್ಣ ಎಂದು ಬರೆದಿರುವುದು ತಪ್ಪು, ಸರಿಪಡಿಸಬೇಕು' ಎಂದು ಬರೆದಿದ್ದರು. ಪುರಾವೆಗೆಂದು ಲಗ್ನಪತ್ರಿಕೆ ಲಗತ್ತಿಸಿದ್ದರು! ಎರಡನೇ ಹೆಸರಿನ ಹುಡುಗಿ ಸಹ ಆಕ್ಷೇಪಣೆ ಹಾಕಿರಲಿಲ್ಲ. ಇಡೀ ಪಟ್ಟಿಗೆ ಬಂದ ಆಕ್ಷೇಪಣೆ ಈ ಮನುಷ್ಯನದೊಂದೇ. ಇಂಥವರಿಗೆ ಏನು ಹೇಳುವುದು?

ಕಚೇರಿಯಿಂದ ಕರೆ ಬಂದಾಗ ಸುಧಾರಾಣಿ ನನ್ನನ್ನೂ ಎಳೆದುಕೊಂಡು ಹೋದಳು. ಕರಬಸಪ್ಪ ಇಸ್ತ್ರಿ ಅಂಗಿ ತೊಟ್ಟು ಮೊದಲೇ ಕುರ್ಚಿಯಲ್ಲಿ ಕೂತಿದ್ದರು. ಅಧಿಕಾರಿ ಹೆಣ್ಣುಮಗಳು ಲಗ್ನಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ನೋಡಮ್ಮ, ಪದವಿ ಇದ್ದೂ ಮುಚ್ಚಿಟ್ಟಿದ್ರ ನಿನ್ನ ಅರ್ಜಿ ರದ್ದಾಗ್ತದ. ಇಲ್ಲದಿದ್ರ ನಿಮ್ಮ ಮಾವನವರು ಆಕ್ಷೇಪಣೆ ವಾಪಸ್ ತಗೋಬೇಕು. ಎರಡರಾಗ ಯಾವುದು ಖರೆ?"

"ಬಿ.ಎ. ಮುಗದಿಲ್ರಿ ಮೇಡಂ. ಕಡೇ ಪರೀಕ್ಷೆ ಬರದಿಲ್ಲ."

"ಬರೀತಾಳ್ರಿ ಮುಂದ," ಕರಬಸಪ್ಪ ನಡುವೆ ಬಾಯಿ ಹಾಕಿದರು. "ಒಂದು ಪರೀಕ್ಷೆ ಅಂದ್ರ ಏನ್ ಮಹಾ? ಆದಂಗ ಲೆಕ್ಕ."

ನನಗೆ ಎದ್ದು ಹೋಗಿಬಿಡಬೇಕು ಅನ್ನಿಸಿತು. ಸುಧಾರಾಣಿ ಮಾವನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ.

"ಲಗ್ನದ ದಿನಾನ ನನ್ನ ಪರೀಕ್ಷೆ ಇತ್ರಿ ಮಾವಾರ. ನಮ್ಮಪ್ಪ ಒಂದು ತಿಂಗಳ ಮುಂದ ಹಾಕ್ರಿ ಅಂತ ಕೈ ಮುಗದ. ಪರೀಕ್ಷೆ ವರ್ಷಾ ಬರ್ತಾವ, ಇಂಥಾ ಮುಹೂರ್ತ ಬರಂಗಿಲ್ಲ ಅಂದವ್ರು ನೀವ. ಹಾಲ್ ಟಿಕೆಟ್ ಹಂಗ ಟ್ರಂಕಿನ್ಯಾಗ ಉಳೀತು."

ಇದನ್ನು ಅವಳು ನನಗೂ ಹೇಳಿರಲಿಲ್ಲ. ಪಕ್ಕದ ಮೇಜಿನ ಗುಮಾಸ್ತ ಬರೆಯುವುದನ್ನು ನಿಲ್ಲಿಸಿ ನೋಡಿದ. ಕರಬಸಪ್ಪ ಮೇಜಿನ ಮೇಲಿದ್ದ ಲಗ್ನಪತ್ರಿಕೆಯನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ವಾಪಸ್ ತಗೋತೇನಿ ಅಂತ ಬರದ ಕೊಡ್ರಿ," ಅಧಿಕಾರಿ ಹಾಳೆ ಸರಿಸಿದರು. "ಕಾರಣಾನೂ ಬರೀರಿ. ಇವತ್ತ ಕೊಟ್ರ ಆಕಿ ಆಯ್ಕೆಗೆ ತೊಂದ್ರಿ ಇಲ್ಲ."

ಕರಬಸಪ್ಪ ಬಹಳ ಹೊತ್ತು ತೆಗೆದುಕೊಂಡು ಬರೆದರು. ಬರೆದದ್ದನ್ನು ಸೊಸೆಯ ಕಡೆ ತಿರುಗಿಸಿದರು. 'ನನ್ನ ಸೊಸೆಯ ಬಿ.ಎ. ಮುಗಿದಿರುವುದಿಲ್ಲ. ಮದುವೆ ನಿಮಿತ್ತ ಓದು ಬಿಟ್ಟಿರುತ್ತಾಳೆ.'

ಸುಧಾರಾಣಿ ಓದಿ, ಕೊನೆಯ ಪದದ ಮೇಲೆ ಬೆರಳಿಟ್ಟಳು.

"ಇದು ತಪ್ಪೈತ್ರಿ ಮಾವಾರ."

ಕರಬಸಪ್ಪ ಅಧಿಕಾರಿಯ ಮುಖ ನೋಡಿದರು. ಆಕೆ ಬೇರೆ ಫೈಲು ತೆರೆದುಕೊಂಡಿದ್ದರು. ಮಾವ ನನ್ನ ಮುಖ ನೋಡಿದರು. ನಾನೇನು ಹೇಳಲಿ? ಸುಧಾರಾಣಿ ಬೆರಳು ತೆಗೆಯಲಿಲ್ಲ. ಕಡೆಗೆ ಅವರು ಪೆನ್ನಿನಿಂದ 'ಬಿಟ್ಟಿರುತ್ತಾಳೆ' ಎಂಬುದನ್ನು ಹೊಡೆದುಹಾಕಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ 'ಬಿಡಿಸಿರುತ್ತೇವೆ' ಎಂದು ಬರೆದು ಸಹಿ ಹಾಕಿದರು.