ಹತ್ತು ನಿಮಿಷ ಎತ್ತದ ಕೈ

ನಮ್ಮ ಆಪರೇಷನ್ ಥಿಯೇಟರಿನಲ್ಲಿ ಅವರನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ. ಎದುರಿಗೆ ಹೇಳುವ ಗುಂಡಿಗೆ ಯಾರಿಗಿತ್ತು? ಮೂವತ್ತು ವರ್ಷ ಅಲ್ಲೇ ನರ್ಸಾಗಿದ್ದವರು. ಡಾಕ್ಟರುಗಳು ಬಂದರು, ಹೋದರು. ಅಕ್ಕ ಮಾತ್ರ ಬೇರು ಬಿಟ್ಟಿದ್ದರು.

ಹೊಟ್ಟೆ ಕೊಯ್ದಾಗ ಚಿಕ್ಕ ರಕ್ತನಾಳವನ್ನು ಕರೆಂಟಿನ ಕಡ್ಡಿಯಿಂದ ಸುಡುತ್ತಾರೆ. ದೊಡ್ಡದನ್ನು ಇಕ್ಕಳದಲ್ಲಿ ಹಿಡಿದು ದಾರದಿಂದ ಬಿಗಿಯುತ್ತಾರೆ. ದಾರಕ್ಕೂ ಸಿಗದೆ, ಹಸಿ ಗೋಡೆಯ ಹಾಗೆ ಎಲ್ಲೆಲ್ಲೂ ಜಿನುಗಿದರೆ ಬಟ್ಟೆಯಿಟ್ಟು ಒತ್ತುವುದೇ ಗತಿ. ಅಕ್ಕನ ಪಾಠವೆಲ್ಲ ಈ ಒತ್ತುವುದರದ್ದೇ. ಗಡಿಯಾರ ನೋಡಿ ಹತ್ತು ನಿಮಿಷ, ನಡುವೆ ಇಣುಕುವಂತಿಲ್ಲ. ಇಣುಕಿದರೆ ಆಗತಾನೇ ಕಟ್ಟಿದ ಹೆಪ್ಪು ಬಟ್ಟೆಯ ಜೊತೆಗೇ ಕಿತ್ತು ಬರುತ್ತದೆ.

"ಹೆಪ್ಪು ಹಾಕಿದ ಹಾಲನ್ನ ಗಳಿಗೆಗೊಂದ್ಸಲ ಅಲ್ಲಾಡಿಸಿದ್ರೆ ಮೊಸರಾಗುತ್ತೇನ್ರೀ?" ಎಂದು ಬೈಯುತ್ತಿದ್ದರು.

ಕಲಿಯಲು ಬಂದ ಎಳೆಯ ಡಾಕ್ಟರೊಬ್ಬರು ಮೂರನೆಯ ನಿಮಿಷಕ್ಕೇ ಬಟ್ಟೆಯ ಅಂಚು ಎತ್ತಿದಾಗ ಅಕ್ಕ ಇಕ್ಕಳದಿಂದ ಅವರ ಗೆಣ್ಣಿಗೆ ಬಾರಿಸಿದ್ದರಂತೆ. ಆ ಡಾಕ್ಟರೇ ಈಗ ನಮ್ಮ ದೊಡ್ಡ ಸರ್ಜನ್. ಆ ಕಥೆ ಕೇಳಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಈಗ ನನಗೆ ನಗು ಬರುವುದಿಲ್ಲ.

ಅಕ್ಕ ಮದುವೆಯಾಗಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿ ಬೆಳೆಸಿದ್ದೇ ಅವರು. ತಮ್ಮ ಬಸ್ ಡ್ರೈವರ್, ಮಾತಿನ ಮಲ್ಲ. ಒಂದು ಬೆಳಗ್ಗೆ ಡಿಪೋದಲ್ಲಿ ಹಿಂದಕ್ಕೆ ಬಂದ ಬಸ್ಸು ಅವನನ್ನು ಗೋಡೆಗೆ ಅದುಮಿಬಿಟ್ಟಿತು.

ಸ್ವಂತದವರು ಮೇಜಿನ ಮೇಲಿದ್ದರೆ ನಾವು ಕೆಲಸಕ್ಕೆ ನಿಲ್ಲಬಾರದು. ಆದರೆ ಇನ್ನೊಬ್ಬ ನುರಿತ ನರ್ಸ್ ಪಕ್ಕದ ಥಿಯೇಟರಿನಲ್ಲಿ ಸಿಕ್ಕಿಕೊಂಡಿದ್ದರು. ನಾನೋ ಹೊಸಬಳು, ಸಾಮಾನು ಎತ್ತಿಕೊಡುವವಳು. ಅಕ್ಕ ಕೈ ತೊಳೆದು ಬಂದು ನಿಂತರು. ಯಾರೂ ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವರು ಬಂದದ್ದೇ ನಮಗೆ ಧೈರ್ಯ.

ಲಿವರ್ ಸೀಳಿತ್ತು. ದೊಡ್ಡ ಸರ್ಜನ್ ಬಟ್ಟೆ ತುಂಬಿ, "ಒತ್ತಿ ಹಿಡೀರಿ ಸಿಸ್ಟರ್" ಎಂದು ಹೇಳಿ, ತಾವು ಇನ್ನೊಂದು ಪಕ್ಕದಲ್ಲಿ ಒಡೆದಿದ್ದ ನಾಳ ಕಟ್ಟತೊಡಗಿದರು. ಅಕ್ಕ ಎರಡೂ ಅಂಗೈ ಊರಿದರು. ನಾನು ನಿಮಿಷ ಕೂಗುತ್ತಿದ್ದೆ.

ಆರು ಎಂದಾಗ ಅರಿವಳಿಕೆ ಡಾಕ್ಟರು ತಲೆಯೆತ್ತಿ, "ಎಷ್ಟು ರಕ್ತ ಕೊಟ್ರೂ ಬಿಪಿ ಏರ್ತಿಲ್ಲ" ಎಂದರು.

"ಲಿವರ್ ಕಡೆ ಹೇಗಿದೆ ಸಿಸ್ಟರ್?" ಸರ್ಜನ್ ಕೇಳಿದರು.

"ನಿಂತಿದೆ. ಮೇಲಿನ ಬಟ್ಟೆ ನೆಂದಿಲ್ಲ."

"ಒಂದ್ಸಲ ಎತ್ತಿ ನೋಡೋಣ್ವಾ?"

"ಇನ್ನೂ ನಾಲ್ಕು ನಿಮಿಷ ಇದೆ."

ಮುಂದೆ ಬಂದಿದ್ದ ಸರ್ಜನ್ನರ ಕೈ ಹಿಂದೆ ಸರಿಯಿತು. ಅಷ್ಟು ದೊಡ್ಡ ಮನುಷ್ಯ, ಎದುರಾಡಲಿಲ್ಲ. ತಮ್ಮನ ಮೇಲಿನ ಅಕ್ಕರೆಯೇ ಅಕ್ಕನ ಕೈಯನ್ನು ಇನ್ನಷ್ಟು ಬಿಗಿ ಮಾಡಿತೋ ಏನೋ. ನಾನು ಏಳು ಎಂದೆ, ಎಂಟು ಎಂದೆ.

ಹತ್ತಕ್ಕೆ ಎತ್ತಿದಾಗ ಮುಂಭಾಗದ ಸೀಳು ನಿಜಕ್ಕೂ ನಿಂತಿತ್ತು. ಲಿವರಿನ ಹಿಂದೆ ದೊಡ್ಡ ನಾಳವೊಂದು ಹರಿದು, ರಕ್ತವೆಲ್ಲ ಬೆನ್ನಿನ ಕಡೆ ಇಳಿದು ಮಡುಗಟ್ಟಿತ್ತು. ಸರ್ಜನ್ ಕೈ ತೂರಿಸುವಷ್ಟರಲ್ಲಿ ಹೃದಯ ನಿಂತಿತು. ಅರ್ಧ ಗಂಟೆ ಎದೆ ಒತ್ತಿದರೂ ಮತ್ತೆ ಬಡಿಯಲಿಲ್ಲ.

"ಮೊದ್ಲೇ ನೋಡಿದ್ರೂ ಆ ನಾಳ ಹೊಲಿಯೋಕೆ ಆಗ್ತಿರ್ಲಿಲ್ಲ" ಎಂದರು ಸರ್ಜನ್, ಗ್ಲೌಸ್ ಕಳಚುತ್ತ. ಇರಬಹುದು. ಆದರೆ ನಾಲ್ಕು ನಿಮಿಷವೆಂದರೆ ನಾಲ್ಕು ನಿಮಿಷ. ಅದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಕೂತಿದ್ದಳು. ಸರ್ಜನ್ ಆಗಲೇ ಸುದ್ದಿ ತಿಳಿಸಿದ್ದರು. ಅಕ್ಕ ಕೈ ತೆಗೆಯದೆ ಹೇಗೆ ನಿಂತಿದ್ದರೆಂಬುದನ್ನೂ ಸಮಾಧಾನಕ್ಕೆಂದು ಹೇಳಿದ್ದರು. ಅವಳು ಎದ್ದು ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು.

"ನೀವಿದ್ರಲ್ಲ ಅತ್ತಿಗೆ, ನನಗೆ ಅದೊಂದೇ ನೆಮ್ಮದಿ. ಬೇರೆ ಯಾರಾದ್ರೂ ಆಗಿದ್ರೆ ಅಷ್ಟು ಹೊತ್ತು ಕೈ ಎತ್ತದೆ ಹಿಡ್ಕೊಂಡಿರ್ತಿದ್ರಾ?"

ಅಕ್ಕ ಅವಳ ಮುಖ ನೋಡಿದರು.

"ಇಲ್ಲಮ್ಮ" ಎಂದರು. "ಬೇರೆ ಯಾರೂ ಹಿಡ್ಕೊಂಡಿರ್ತಿರ್ಲಿಲ್ಲ."