ಹೊಲಿಗೆ ಬಿಚ್ಚಿದ ಪುಸ್ತಕ

ಹೋದ ವಾರ ಕೊಂಡ ಪತ್ತೇದಾರಿ ಕಾದಂಬರಿ ಓದಿ ಮುಗಿಸುವಷ್ಟರಲ್ಲೇ ಅಂಟು ಬಿಟ್ಟು, ಹಾಳೆ ಹಾಳೆಯಾಗಿ ಮಡಿಲಿಗೆ ಬಿತ್ತು. ಕಥೆಯೂ ಅಷ್ಟೇ ಗಟ್ಟಿ. ಕೊಲೆಗಾರ ಮೂರನೆಯ ಅಧ್ಯಾಯದಲ್ಲೇ ನನ್ನ ಕೈಗೆ ಸಿಕ್ಕಿಬಿದ್ದಿದ್ದ; ಪತ್ತೇದಾರ ಮಹಾಶಯ ಮಾತ್ರ ಕೊನೆಯವರೆಗೂ ಕಾಫಿ ಕುಡಿಯುತ್ತ ಅಲೆದ. ಬೈದುಕೊಳ್ಳುತ್ತ ಹಾಳೆ ಜೋಡಿಸುತ್ತಿದ್ದಾಗ ರಂಗಪ್ಪನವರು ನೆನಪಾದರು.

ಅರವತ್ತರ ದಶಕದ ಮಾತು. ಯಲಹಂಕದಿಂದ ಬೆಳಗಿನ ರೈಲಿನಲ್ಲಿ ನಾವಿಬ್ಬರೂ ಪೇಟೆಯ ಕಚೇರಿಗೆ ಹೋಗುತ್ತಿದ್ದೆವು. ಇಬ್ಬರಿಗೂ ಸೇರಿ ಒಂದೇ ಪುಸ್ತಕ, ಇಬ್ಬರಿಗೂ ತಾಳ್ಮೆಯಿಲ್ಲ. ಹಾಗಾಗಿ ರಂಗಪ್ಪನವರು ಹೊಲಿಗೆ ಬಿಚ್ಚಿ ಪುಸ್ತಕವನ್ನು ಭಾಗ ಮಾಡಿಬಿಡುತ್ತಿದ್ದರು. ಹಿರಿಯರಾದ್ದರಿಂದ ಅವರು ಮುಂದೆ. ಅವರು ಓದಿ ಮುಗಿಸಿದ ಭಾಗ ನನಗೆ. ಮುಂದಿರುವವರು ಗುಟ್ಟು ಬಿಡಕೂಡದೆಂಬುದು ಕರಾರು. ಅವರೇನೋ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಮುಖವನ್ನು ಏನು ಮಾಡಬೇಕೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ.

ಅವರ ವಿಮರ್ಶೆಯೇ ಬೇರೆ. "ಮೊದಲನೇ ಪುಟದಲ್ಲೇ ಸಿಡುಕೋನು ಕೊಲೆ ಮಾಡಲ್ಲ ಕಣಯ್ಯ. ನಮ್ಮ ಹೆಡ್ ಕ್ಲರ್ಕು ದಿನಾ ಸಿಡುಕ್ತಾರೆ, ಇವತ್ತಿನವರೆಗೂ ಯಾರನ್ನ ಕೊಂದಿದ್ದಾರೆ ಹೇಳು?"

ಒಂದು ಕಾದಂಬರಿಯಲ್ಲಿ ವಿಮಲಾ ಎಂಬ ನರ್ಸ್ ಬಂದಳು. ನನಗಿನ್ನೂ ಮದುವೆಯಾಗಿರಲಿಲ್ಲ. ಕಾಯಿಲೆಯ ಜಮೀನ್ದಾರನಿಗೆ ಅವಳು ಗಂಜಿ ಕುಡಿಸುವ ವರ್ಣನೆ ಓದಿ ನನಗೇ ಸಣ್ಣಗೆ ಜ್ವರ ಬಂದಿತ್ತು. ಜಮೀನ್ದಾರ ಸತ್ತ, ಪೊಲೀಸರು ಎಲ್ಲರನ್ನೂ ಅನುಮಾನಿಸಿದರು.

"ಆ ಹುಡುಗೀನ ಅನುಮಾನಿಸೋನು ಮನುಷ್ಯನೇ ಅಲ್ಲ, ರಂಗಪ್ಪನೋರೇ," ಎಂದೆ.

ಅವರು ಕಿಟಕಿಯಾಚೆಯ ಲೊಟ್ಟೆಗೊಲ್ಲಹಳ್ಳಿಯ ಹೊಲಗಳನ್ನು ಹಿಂದೆಂದೂ ಕಾಣದವರಂತೆ ನೋಡತೊಡಗಿದರು.

ಮರುದಿನ ಕೊನೆಯ ಭಾಗ ಬರಲಿಲ್ಲ. "ನಮ್ಮನೆಯೋಳು ಅದರ ಮೇಲೆ ಹಪ್ಪಳ ಒಣಗಾಕಿದ್ದಾಳೆ."

ಅದರ ಮರುದಿನ: "ಇನ್ನೂ ಒಣಗಿಲ್ಲ ಕಣಯ್ಯ."

"ಈ ಬಿಸಿಲಲ್ಲೂನಾ?"

"ದಪ್ಪ ಹಪ್ಪಳ." ಚೀಲದಿಂದ ಇನ್ನೊಂದು ಪುಸ್ತಕ ತೆಗೆದರು. "ಅದು ಬಿಡು, ಇದನ್ನ ಓದು. ಇದ್ರಲ್ಲಿ ಬರೀ ಗಂಡಸ್ರೇ."

ನಾನು ಬಿಡಲಿಲ್ಲ. ಕೊನೆಗೊಂದು ಸಂಜೆ, ವಾಪಸು ಬರುವ ರೈಲಿನಲ್ಲಿ, ಕಾಯಿಲೆಯ ಸುದ್ದಿ ತಿಳಿಸುವ ಡಾಕ್ಟರಂತೆ ಆ ಭಾಗವನ್ನು ಕೈಗಿಟ್ಟರು. ಯಶವಂತಪುರ ದಾಟುವಷ್ಟರಲ್ಲಿ ಗೊತ್ತಾಯಿತು: ಗಂಜಿಗೆ ವಿಷ ಬೆರೆಸಿದವಳು ವಿಮಲಾ.

"ಪೊಲೀಸ್ನೋರು ಸರಿಯಾಗಿ ವಿಚಾರಿಸಿಲ್ಲ," ಎಂದೆ.

ರಂಗಪ್ಪನವರು ನಗಲಿಲ್ಲ. "ಹೌದು ಕಣಯ್ಯ. ನಂಗೂ ಹಂಗೇ ಅನ್ನಿಸ್ತು," ಎಂದು ಕಡಲೆಕಾಯಿಯ ಪೊಟ್ಟಣವನ್ನು ಪೂರ್ತಿ ನನ್ನ ಕೈಗೇ ಕೊಟ್ಟರು.

ಇಷ್ಟು ಬರೆಯುವ ಹೊತ್ತಿಗೆ ನನ್ನಾಕೆ ಬಂದು ಈ ಹೊಸ ಕಾದಂಬರಿಯ ಬಿಡಿ ಹಾಳೆಗಳಲ್ಲಿ ಮೊದಲರ್ಧ ಎತ್ತಿಕೊಂಡು ಹೋಗಿ ಓದುತ್ತ ಕುಳಿತಿದ್ದಾಳೆ. ಈಗ ತಾನೇ ಒಳಗಿನಿಂದ ಕೂಗಿದಳು: "ಏನ್ರೀ, ಈ ಮೇಷ್ಟ್ರು ಎಷ್ಟು ಸಾಧು ಅಲ್ವಾ? ಪಾಪ, ನೋಡಿದ್ರೆ ನಮ್ಮಣ್ಣನ ಹಾಗೇ ಇದ್ದಾರೆ!"

ಕೊಲೆ ಮಾಡಿದ್ದು ಆ ಮೇಷ್ಟರೇ. ಸಪ್ಪೆ ಎಂದು ವಾರವಿಡೀ ಬೈದ ಪುಸ್ತಕ ಈಗ ನನ್ನ ಎದೆ ಹೊಡೆದುಕೊಳ್ಳುವಂತೆ ಮಾಡಿದೆ.